ನಾಲ್ಕೇ ಜನ ಕೆಲಸಕ್ಕಿದ್ದರೂ ಬರೆದಿಡಿ

(ಶಿವಮೊಗ್ಗದಲ್ಲಿ ಅಂಗಡಿ, ಹೋಟೆಲ್, ಹೋಂಸ್ಟೇ ನಡೆಸುವವರು ಮತ್ತು ಅಡಿಕೆ ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಕೊಯ್ಲಿನ ಗಡಿಬಿಡಿಯಲ್ಲೂ ಬಿಡುವು ಮಾಡಿಕೊಂಡು ಬಂದಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಾರ್ಮಿಕ ಕಾನೂನು ಅಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ನೆನಪಾಗುವುದು ಭದ್ರಾವತಿ. 1918ರಲ್ಲಿ ಹುಟ್ಟಿದ ಕಬ್ಬಿಣದ ಕಾರ್ಖಾನೆ, 1936ರ ಕಾಗದ ಕಾರ್ಖಾನೆ. ಸೈರನ್ನು, ಪಾಳಿ, ಯೂನಿಯನ್ನು, ಪಿಎಫ್, ಬೋನಸ್ಸು. ಅಲ್ಲಿ ದುಡಿದವರ ಮನೆಯಲ್ಲಿ ಬೆಳೆದವರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಸಿಗುವ ಇಡುಗಂಟು) ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇವತ್ತು ನಮ್ಮ ಮಕ್ಕಳು ಕೆಲಸಕ್ಕೆ ಸೇರುತ್ತಿರುವುದು ಎಲ್ಲಿ? ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ, ಮೊಬೈಲ್ ಅಂಗಡಿಯಲ್ಲಿ, ಮಾಚೇನಹಳ್ಳಿಯ ಸಣ್ಣ ವರ್ಕ್‌ಶಾಪಿನಲ್ಲಿ, ತೀರ್ಥಹಳ್ಳಿ ಕಡೆಯ ಹೋಂಸ್ಟೇಯಲ್ಲಿ, ಸಾಗರದ ಅಡಿಕೆ ಮಂಡಿಯಲ್ಲಿ. ಅಲ್ಲಿ ಸೈರನ್ನೂ ಇಲ್ಲ, ಯೂನಿಯನ್ನೂ ಇಲ್ಲ. ಇರುವುದು ಮಾಲೀಕರು ಮತ್ತು ಅವರ ಮಾತು.

ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಲೆಕ್ಕ ನೋಡಿಕೊಡುವ ಕೆಲಸದಲ್ಲಿ ಇಂಥ ಮಾಲೀಕರ ಜೊತೆಗೇ ನನ್ನ ದಿನ ಕಳೆಯುತ್ತದೆ. ಅವರಿಂದ ಜಾಸ್ತಿ ಕೇಳಿರುವ ಮಾತು ಇದು: "ಸಾರ್, ನಮ್ಮಲ್ಲಿ ಇರೋದೇ ನಾಲ್ಕು ಜನ. ಮನೆಯವರ ಹಾಗೆ ಇದ್ದಾರೆ. ನಮಗ್ಯಾಕೆ ಕಾನೂನು?" ಮನೆಯವರ ಹಾಗೆ ಅನ್ನುವುದು ಬಹಳ ಕಡೆ ನಿಜವೇ. ಹಬ್ಬಕ್ಕೆ ಬಟ್ಟೆ ಕೊಡುತ್ತಾರೆ, ಮಗಳ ಮದುವೆಗೆ ಕೈಯೆತ್ತಿ ಕೊಡುತ್ತಾರೆ, ರಾತ್ರಿ ಹೊತ್ತು ಜ್ವರ ಬಂದರೆ ತಮ್ಮ ಕಾರಿನಲ್ಲೇ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಪ್ರೀತಿಯಿಂದ ಕೊಡುವುದು ಬೇರೆ, ಕೊಡಲೇಬೇಕಾದ್ದು ಬೇರೆ. ಎರಡೂ ಕಲಸಿಹೋದಾಗ ಜಗಳ ಶುರುವಾಗುತ್ತದೆ. ಕೆಲಸಗಾರ ರಜೆ ಕೇಳಿದರೆ ಮಾಲೀಕರಿಗೆ ಉಪಕಾರ ಮರೆತ ಹಾಗೆ ಅನ್ನಿಸುತ್ತದೆ. ಮಾಲೀಕರು ಸಂಬಳ ತಡ ಮಾಡಿದರೆ ಕೆಲಸಗಾರನಿಗೆ ಕೇಳಲು ಬಾಯಿ ಬರುವುದಿಲ್ಲ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ: ಸಂಬಂಧ ಚೆನ್ನಾಗಿರುವಾಗಲೇ ಎಲ್ಲವನ್ನೂ ಬರೆದಿಡಿ.

ಮೊದಲು ತಲೆ ಎಣಿಕೆಯ ವಿಷಯ. "ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಯಾವ ಕಾನೂನೂ ಇಲ್ಲ" ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ಕನಿಷ್ಠ ವೇತನ ಒಬ್ಬರೇ ಇದ್ದರೂ ಕೊಡಬೇಕು. ಗಂಡಸಿಗೂ ಹೆಂಗಸಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಅನ್ನುವುದಕ್ಕೆ ತಲೆ ಎಣಿಕೆ ಇಲ್ಲ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಅನ್ನುವುದಕ್ಕೂ ಇಲ್ಲ, ಜೀತ ನಿಷೇಧಕ್ಕೂ ಇಲ್ಲ. ಶಿವಮೊಗ್ಗದಂಥ ಪಟ್ಟಣದಲ್ಲಿ ಅಂಗಡಿ ಇದ್ದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ, ಶುರು ಮಾಡಿದ 30 ದಿನದೊಳಗೆ ನೋಂದಣಿ ಮಾಡಿಸಬೇಕು. ಈಗ ಅದು ಆನ್‌ಲೈನ್ ಕೆಲಸ. 10 ಅನ್ನುವ ಸಂಖ್ಯೆ ಮುಖ್ಯ ಆಗುವುದು ಇಎಸ್‌ಐ, ಗ್ರಾಚ್ಯುಟಿ, ಹೆರಿಗೆ ಸೌಲಭ್ಯ, ಲೈಂಗಿಕ ಕಿರುಕುಳದ ಆಂತರಿಕ ಸಮಿತಿ ಇಂಥವಕ್ಕೆ. ಪಿಎಫ್‌ಗೆ, ಬೋನಸ್ಸಿಗೆ 20.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನದ್ದು ಒಂದು, ಕೈಗಾರಿಕಾ ಸಂಬಂಧದ್ದು ಒಂದು, ಸಾಮಾಜಿಕ ಭದ್ರತೆಯದ್ದು ಒಂದು, ಸುರಕ್ಷತೆಯದ್ದು ಒಂದು. 29 ಹಳೇ ಕಾಯ್ದೆಗಳನ್ನು ಇವುಗಳೊಳಗೆ ಸೇರಿಸಿದ್ದಾರೆ. ಆದರೆ ನಮ್ಮ ರಾಜ್ಯದ ಅಂಗಡಿ ಕಾಯ್ದೆ ಆ 29ರಲ್ಲಿ ಇಲ್ಲ. ಬಾಲಕಾರ್ಮಿಕ ಕಾಯ್ದೆ, ಜೀತ ನಿಷೇಧದ ಕಾಯ್ದೆ, ಲೈಂಗಿಕ ಕಿರುಕುಳ ತಡೆ ಕಾಯ್ದೆ ಇವೂ ಇಲ್ಲ. ಅವೆಲ್ಲ ಹಾಗೇ ಇವೆ. "ಎಲ್ಲಾ ಬದಲಾಯ್ತಂತೆ, ನೋಡೋಣ ತಡೀರಿ" ಅಂತ ಸುಮ್ನೆ ಕೂರುವ ಹಾಗಿಲ್ಲ.

ಈಗ ನೇಮಕಾತಿ ಪತ್ರ. ಅಂಗಡಿ ಕಾಯ್ದೆ ಪ್ರಕಾರ, ಕೆಲಸಕ್ಕೆ ಸೇರಿದ 30 ದಿನದೊಳಗೆ ಬರಹದಲ್ಲಿ ನೇಮಕಾತಿ ಆದೇಶ ಕೊಡಬೇಕು. ಹೆಸರು, ಹುದ್ದೆ, ಸಂಬಳ, ಷರತ್ತು ಅದರಲ್ಲಿರಬೇಕು. ಹೊಸ ಸಂಹಿತೆಯಲ್ಲೂ ನೇಮಕಾತಿ ಪತ್ರ ಕಡ್ಡಾಯ. ಆದರೂ ನಮ್ಮ ಅಂಗಡಿಗಳಲ್ಲಿ ಇದು ಕಾಣುವುದು ಅಪರೂಪ. ಯಾಕೆ ಅಂತ ಕೇಳಿದರೆ, "ಪತ್ರ ಕೊಟ್ಟರೆ ನಾಳೆ ಅದನ್ನೇ ಹಿಡ್ಕೊಂಡು ಕೋರ್ಟಿಗೆ ಹೋಗ್ತಾರೆ" ಅನ್ನುತ್ತಾರೆ. ನಾನು ಕಂಡಿದ್ದು ಇದರ ಉಲ್ಟಾ. ವ್ಯಾಜ್ಯ ಬಂದಾಗ ಪತ್ರ ಇಲ್ಲದ ಮಾಲೀಕರ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಸಂಬಳ ಎಷ್ಟು ಅಂತ ಒಪ್ಪಿಕೊಂಡಿದ್ದರು? ಯಾವಾಗ ಸೇರಿದರು? ವಾರದ ರಜೆ ಯಾವತ್ತು? ದಾಖಲೆ ಇಟ್ಟುಕೊಳ್ಳುವ ಜವಾಬ್ದಾರಿ ಕಾನೂನಿನ ಪ್ರಕಾರ ನಿಮ್ಮದೇ ಆಗಿರುವುದರಿಂದ, ಕಾಗದ ಇಲ್ಲ ಅಂದರೆ ಅನುಮಾನ ಬರುವುದೂ ನಿಮ್ಮ ಮೇಲೆಯೇ. ಆರು ತಿಂಗಳು ದಾಟಿದ ಕೆಲಸಗಾರರನ್ನು ಸಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿನ ಸಂಬಳ ಕೊಡದೆ ತೆಗೆಯುವ ಹಾಗಿಲ್ಲ. ದುರ್ನಡತೆ ಅಂತ ತೆಗೆಯಬೇಕಾದರೆ ವಿಚಾರಣೆ ನಡೆಸಿ, ಅದಕ್ಕೆ ಆಧಾರ ಇರಬೇಕು. "ನಾಳೆಯಿಂದ ಬರಬೇಡ" ಅನ್ನುವ ಮಾತು ಸಿಟ್ಟಿನಲ್ಲಿ ಬಾಯಿಂದ ಬಂದುಬಿಡುತ್ತದೆ. ಅದರ ಖರ್ಚು ಆಮೇಲೆ ಗೊತ್ತಾಗುತ್ತದೆ.

ಕೆಲಸದ ವೇಳೆಯ ಲೆಕ್ಕವನ್ನು ಸ್ವಲ್ಪ ನಿಧಾನಕ್ಕೆ ನೋಡೋಣ. ಇಲ್ಲಿ ಬಹಳ ಜನ ಗೊತ್ತಿಲ್ಲದೇ ತಪ್ಪು ಮಾಡುತ್ತಾರೆ. ಅಂಗಡಿ ಕಾಯ್ದೆಯ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಬೆಳಗ್ಗೆ 9:30ಕ್ಕೆ ಬಾಗಿಲು ತೆಗೆದು ಸಂಜೆ 7:30ಕ್ಕೆ ಹಾಕುವ ಅಂಗಡಿ ತಗೊಳ್ಳಿ. ಒಟ್ಟು 10 ಗಂಟೆ. ಊಟಕ್ಕೆ 1 ಗಂಟೆ ಬಿಟ್ಟರೆ 9. ದಿನದ ಲೆಕ್ಕ ಸರಿಯಾಗಿಯೇ ಇದೆ, ಅಲ್ವಾ? ಈಗ ಆರು ದಿನಕ್ಕೆ ಗುಣಿಸಿ. 54 ಆಯಿತು. ವಾರಕ್ಕೆ 6 ಗಂಟೆ ಜಾಸ್ತಿ. ಅಷ್ಟಕ್ಕೂ ಎರಡು ಪಟ್ಟು ದರದಲ್ಲಿ ಓವರ್‌ಟೈಮ್ ಕೊಡಬೇಕು. "ಕೊಟ್ಟರಾಯ್ತು ಬಿಡಿ" ಅನ್ನಬಹುದು. ಆದರೆ ಮೂರು ತಿಂಗಳಲ್ಲಿ 13 ವಾರ. 13 ವಾರಕ್ಕೆ 78 ಗಂಟೆ ಓವರ್‌ಟೈಮ್ ಆಗುತ್ತದೆ. ಕಾಯ್ದೆಯಲ್ಲಿ ಮೂರು ತಿಂಗಳಿಗೆ ಇರುವ ಮಿತಿ 50 ಗಂಟೆ. ಮಿತಿ ಹೆಚ್ಚಿಸುವ ಪ್ರಸ್ತಾಪ 2025ರಲ್ಲಿ ಬಂದಾಗ ಕಾರ್ಮಿಕ ಸಂಘಟನೆಗಳಿಂದ ಜೋರು ವಿರೋಧವೂ ಬಂತು. ಅಂದರೆ ದುಡ್ಡು ಕೊಟ್ಟರೂ ಈ ವೇಳಾಪಟ್ಟಿ ಕಾನೂನಿಗೆ ಒಗ್ಗುವುದಿಲ್ಲ. ದಾರಿ ಸುಲಭ ಇದೆ. ಅರ್ಧ ಜನ 9:30ರಿಂದ 6:30, ಉಳಿದವರು 10:30ರಿಂದ 7:30. ಎಲ್ಲರಿಗೂ ಊಟದ ಹೊತ್ತು ಬಿಟ್ಟು 8 ಗಂಟೆ, ವಾರಕ್ಕೆ 48. ಅಂಗಡಿ ಒಂದು ನಿಮಿಷವೂ ಮುಂಚೆ ಮುಚ್ಚಬೇಕಿಲ್ಲ.

ರಜೆ ಲೆಕ್ಕವೂ ಹೀಗೇ. 20 ದಿನ ದುಡಿದರೆ ಒಂದು ದಿನ ಗಳಿಕೆ ರಜೆ, ವರ್ಷಕ್ಕೆ 12 ದಿನದವರೆಗೆ ಕಾಯಿಲೆ ರಜೆ, ವಾರಕ್ಕೊಂದು ದಿನ ಪೂರ್ತಿ ರಜೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವುಗಳ ಜೊತೆಗೆ ಐದು ಹಬ್ಬದ ರಜೆ. ಯಾವ ಐದು ಹಬ್ಬ ಅಂತ ವರ್ಷದ ಶುರುವಿನಲ್ಲೇ ಕೂತು ಮಾತಾಡಿ ಗೋಡೆಗೆ ಅಂಟಿಸಿ. ದೀಪಾವಳಿ ಹೊತ್ತಿಗೆ ಮುಖ ಊದಿಸಿಕೊಳ್ಳುವುದು ತಪ್ಪುತ್ತದೆ. 2025ರ ಕೊನೆಗೆ ರಾಜ್ಯ ಸರ್ಕಾರ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೂ ಆದೇಶ ಹೊರಡಿಸಿತು. ಅದು ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿದೆ. ಕೋರ್ಟಿನಲ್ಲಿ ಏನೇ ಆಗಲಿ, ಹೊಟ್ಟೆನೋವಿನಲ್ಲಿ ಒದ್ದಾಡುವ ಹುಡುಗಿಗೆ ಒಂದು ದಿನ ಮನೆಯಲ್ಲಿರು ಅನ್ನಲು ಯಾವ ಮಾಲೀಕರಿಗೂ ಅಡ್ಡಿ ಇಲ್ಲ.

ಹಾಗೇ ಇನ್ನೊಂದು ಮಾತು. ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಬೆಳಗ್ಗೆಯಿಂದ ರಾತ್ರಿವರೆಗೆ ನಿಂತೇ ಇರುತ್ತಾರೆ. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರುವ ಹಾಗಿಲ್ಲ. ಕೇರಳದಲ್ಲಿ ಇದೇ ವಿಷಯಕ್ಕೆ ಹೆಂಗಸರು ಹೋರಾಟ ಮಾಡಿದರು, 2018ರಲ್ಲಿ ಅಲ್ಲಿ ಕಾನೂನು ಬಂತು. 2021ರಲ್ಲಿ ತಮಿಳುನಾಡು ಮಾಡಿತು. ಈಗ ಕೇಂದ್ರದ ಸುರಕ್ಷತಾ ಸಂಹಿತೆಯಲ್ಲೂ ನಿಂತು ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ ಇರಬೇಕು ಅಂತಿದೆ. ನಾಲ್ಕು ಸ್ಟೂಲು ತಂದಿಡಿ. ಕೂತವರನ್ನು ಕಂಡು ವ್ಯಾಪಾರ ಕಮ್ಮಿ ಆಗುವುದಿಲ್ಲ.

ಇನ್ನು ಕೂಲಿ. ನಮ್ಮ ತೋಟಗಳಲ್ಲಿ ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಅನ್ನುವ ರೂಢಿ ಈಗಲೂ ಇದೆ. ಯಾರೂ ಅದನ್ನು ತಪ್ಪು ಅಂತಲೇ ನೋಡುವುದಿಲ್ಲ. ಮರ ಹತ್ತಿ ಅಡಿಕೆ ಗೊನೆ ಇಳಿಸುವವರಿಗೆ ಜಾಸ್ತಿ ಕೊಡುವುದು ನ್ಯಾಯ, ಆ ಕೆಲಸದ ಕಷ್ಟವೇ ಬೇರೆ. ಆದರೆ ಕಳೆ ತೆಗೆಯುವುದಕ್ಕೆ, ಗೊಬ್ಬರ ಹೊರುವುದಕ್ಕೆ, ಬಿದ್ದ ಅಡಿಕೆ ಹೆಕ್ಕುವುದಕ್ಕೆ ಇಬ್ಬರೂ ಜೊತೆಗೇ ಬಗ್ಗಿ ದುಡಿದ ಮೇಲೆ ಸಂಜೆ ಕೈಗೆ ಬೇರೆ ಬೇರೆ ದುಡ್ಡು ಯಾಕೆ? 1976ರಿಂದಲೇ ಇದು ಕಾನೂನಿಗೆ ವಿರುದ್ಧ. ಈಗ ವೇತನ ಸಂಹಿತೆಯಲ್ಲೂ ಇದೆ. ಸರಿ ಮಾಡುತ್ತೇನೆ ಅಂತ ಗಂಡಸರ ಕೂಲಿ ಇಳಿಸುವ ಹಾಗಿಲ್ಲ, ಹೆಂಗಸರದ್ದನ್ನು ಏರಿಸಬೇಕು. ಇದನ್ನು ಹೇಳಿದಾಗ ಸಭೆಯಲ್ಲಿ ಸ್ವಲ್ಪ ಗುಸುಗುಸು ಆಯಿತು. ಆದರೂ ಹೇಳಿದ್ದನ್ನು ಇಲ್ಲಿ ಹಾಗೇ ಬರೆಯುತ್ತಿದ್ದೇನೆ.

ಅಡಿಕೆ ಸುಲಿಯುವ ಕೂಲಿಯದ್ದು ಇನ್ನೊಂದು ಕಥೆ. ಡಬ್ಬಿ ಲೆಕ್ಕದಲ್ಲಿ ಕೊಡುತ್ತೀರಿ. ಸರಿ. ಆ ಡಬ್ಬಿ ಯಾವ ಅಳತೆಯದ್ದು? ಮಟ್ಟ ಹಾಕಿ ಅಳೆಯುವುದಾ, ತಲೆಗೂಡಿಸಿ ಅಳೆಯುವುದಾ? ಲೆಕ್ಕ ಬರೆಯುವವರು ಯಾರು, ಸುಲಿದವರ ಕಣ್ಣೆದುರು ಬರೆಯುತ್ತಾರಾ? ಇದು ಸಣ್ಣ ವಿಷಯ ಅನ್ನಿಸಿದರೆ ನಮ್ಮ ಜಿಲ್ಲೆಯ ಇತಿಹಾಸವನ್ನೇ ನೋಡಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರು ಎದ್ದು ನಿಂತಾಗ ಜಗಳದ ಬೇರು ಇದ್ದಿದ್ದು ಭತ್ತ ಅಳೆಯುವ ಕೊಳಗದಲ್ಲಿ. ಕೊಳಗ ಎಷ್ಟು ಸೇರಿನದ್ದಾಗಿರಬೇಕು ಅನ್ನುವ ಪ್ರಶ್ನೆ ಕಾಗೋಡು ಸತ್ಯಾಗ್ರಹವಾಯಿತು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಂಥ ನೆಲದಲ್ಲಿ ನಿಂತು ಅಳತೆ ವಿಷಯ ಹಗುರ ಅನ್ನಲು ಸಾಧ್ಯವಿಲ್ಲ. ಡಬ್ಬಿಗೆ ಗೆರೆ ಹಾಕಿ, ಲೆಕ್ಕದ ಪುಸ್ತಕದಲ್ಲಿ ದಿನವೂ ಅವರ ಸಹಿ ಅಥವಾ ಹೆಬ್ಬೆಟ್ಟು ತಗೊಳ್ಳಿ. ನೆನಪಿಡಿ, ಡಬ್ಬಿ ಲೆಕ್ಕವಾದರೂ ದಿನವಿಡೀ ದುಡಿದವರಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಬೀಳುವ ಹಾಗಿಲ್ಲ. ಅದರಲ್ಲಿ ಸೇರಿರುವ ತುಟ್ಟಿಭತ್ಯೆ (ಬೆಲೆ ಏರಿಕೆಗೆ ತಕ್ಕಂತೆ ಕೊಡುವ ಭಾಗ) ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಹೋದ ವರ್ಷದ ದರವನ್ನೇ ಹಿಡಿದುಕೊಂಡು ಕೂರಬೇಡಿ.

ತಿಂಗಳ ಸಂಬಳದವರಿಗೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಸಂಬಳ ಆಗಬೇಕು. ದಿನಗೂಲಿಯವರಿಗೆ ಆ ದಿನವೇ. ಕೆಲಸ ಬಿಟ್ಟವರಿಗೆ, ನೀವೇ ತೆಗೆದವರಿಗೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ. "ಬಿಟ್ಟು ಹೋದನಲ್ಲ, ಹಬ್ಬ ಆಗ್ಲಿ ನೋಡೋಣ" ಅಂತ ಓಡಾಡಿಸುವ ಹಾಗಿಲ್ಲ. ಹೋಟೆಲಿನವರಿಗೆ ಒಂದು ಮಾತು: ಗ್ಲಾಸು ಒಡೆದರೆ ಸಂಬಳದಲ್ಲಿ ಹಿಡಿಯುತ್ತೀರಲ್ಲ, ಅದಕ್ಕೂ ನಿಯಮ ಇದೆ. ಅವರ ಅಜಾಗರೂಕತೆಯಿಂದಲೇ ಒಡೆದಿರಬೇಕು, ಹಿಡಿಯುವ ಮೊದಲು ಅವರ ಮಾತು ಕೇಳಬೇಕು. ದಂಡ ಹಾಕುವುದಾದರೆ ಸಂಬಳದ ಶೇ. 3ಕ್ಕಿಂತ ಜಾಸ್ತಿ ಆಗಬಾರದು.

ಈಗ ಮುಂಗಡದ ವಿಷಯ. ಮಲೆನಾಡಿನಲ್ಲಿ ಮುಂಗಡ ಇಲ್ಲದೆ ಕೆಲಸ ನಡೆಯುವುದಿಲ್ಲ. ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಅವರು ಕೇಳುತ್ತಾರೆ, ಕೊಯ್ಲಿಗೆ ಜನ ಸಿಗಲಿ ಅಂತ ನೀವು ಕೊಡುತ್ತೀರಿ. ಮುಂಗಡ ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಮುಂಗಡ ತಗೊಂಡವರು ಒಂದು ದಿನ ಬಂದು, "ಗೌಡ್ರೇ, ನಾಳೆಯಿಂದ ಬೇರೆ ಕಡೆ ಹೋಗ್ತೀನಿ" ಅಂದಾಗ, "ದುಡ್ಡು ತೀರಿಸೋವರೆಗೆ ಎಲ್ಲೂ ಹೋಗಂಗಿಲ್ಲ" ಅಂದರೆ ಅಲ್ಲಿಗೆ ಅದು ಜೀತ. 1976ರ ಜೀತ ಪದ್ಧತಿ ನಿಷೇಧ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲಿದೆ. ಅಷ್ಟೇ ಅಲ್ಲ, ಆ ಸಾಲವೇ ರದ್ದಾಗುತ್ತದೆ. ಸಾಲ ಸಾಲವಾಗಿಯೇ ಇರಲಿ, ಅದಕ್ಕೆ ಮನುಷ್ಯನನ್ನು ಕಟ್ಟಿಹಾಕಬೇಡಿ. ಎಷ್ಟು ಕೊಟ್ಟಿದ್ದೀರಿ, ಪ್ರತಿ ಸಂಬಳದಲ್ಲಿ ಎಷ್ಟು ಹಿಡಿಯುತ್ತೀರಿ ಅಂತ ಎರಡು ಪ್ರತಿ ಬರೆದು ಒಂದನ್ನು ಅವರಿಗೆ ಕೊಡಿ. ಉತ್ತರ ಕರ್ನಾಟಕದಿಂದಲೋ ಅಸ್ಸಾಮಿನಿಂದಲೋ ಬಂದವರ ಆಧಾರ್ ಕಾರ್ಡನ್ನು ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳುವ ರೂಢಿ ಇದ್ದರೆ ಇವತ್ತೇ ವಾಪಸ್ ಕೊಟ್ಟುಬಿಡಿ. ಜೆರಾಕ್ಸ್ ಸಾಕು.

ಒಬ್ಬ ಬೆಳೆಗಾರರು ಎದ್ದು ಕೇಳಿದರು: "ನಾನು ಖೇಣಿ ಕೊಟ್ಟಿದ್ದೀನಿ. ಆಳುಗಳು ಖೇಣಿದಾರನವರು. ನನಗೇನು ಸಂಬಂಧ?" ಖೇಣಿ ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಕೊಡುವುದು. ಫಸಲನ್ನು ಪೂರ್ತಿ ಮಾರಿಬಿಟ್ಟು ಕೆಲಸವೆಲ್ಲ ಖೇಣಿದಾರರೇ ಮಾಡಿಸಿಕೊಂಡರೆ ಒಂದು ರೀತಿ. ಆದರೆ ನಿಮ್ಮದೇ ಕೆಲಸವನ್ನು ಮೇಸ್ತ್ರಿ ಮೂಲಕ ಮಾಡಿಸಿದಾಗ, ಮೇಸ್ತ್ರಿ ದುಡ್ಡು ತಗೊಂಡು ಕೂಲಿ ಕೊಡದೇ ಹೋದರೆ ಆ ಕೂಲಿ ನಿಮ್ಮ ತಲೆ ಮೇಲೆ ಬರುತ್ತದೆ. ಅಂಗಡಿ, ವರ್ಕ್‌ಶಾಪ್, ಕಟ್ಟಡ ಎಲ್ಲದಕ್ಕೂ ಇದೇ ಮಾತು. ಮೇಸ್ತ್ರಿಗೆ ಕೊಡುವ ಮೊದಲು ಹೋದ ವಾರದ ಕೂಲಿ ಪಟ್ಟಿ ತೋರಿಸು ಅನ್ನಿ.

ಪಟ್ಟಿ ಅಂದಾಗ ನೆನಪಾಯಿತು. 2021ರ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲುಕ್ವಾರಿ ಬಳಿ ಆದ ಸ್ಫೋಟ ಈ ಊರಿನಲ್ಲಿ ಯಾರಿಗೂ ಮರೆತಿಲ್ಲ. ಕಿಟಕಿ ಗಾಜು ನಡುಗಿದ್ದು ಇಲ್ಲಿ ಕೂತ ಎಷ್ಟೋ ಜನ ಕೇಳಿದ್ದೀರಿ. ಯಾವುದೇ ದುರಂತದಲ್ಲಿ ಮೊದಲು ಏಳುವ ಪ್ರಶ್ನೆ, ಒಳಗೆ ಯಾರ್ಯಾರಿದ್ದರು ಅನ್ನುವುದು. ಹಾಜರಿ ಪುಸ್ತಕ ಇಲ್ಲದ ಜಾಗದಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಕೆಲಸದಲ್ಲಿ ಅಪಘಾತವಾಗಿ ಸತ್ತರೆ ಪರಿಹಾರ ಕೊಡುವ ಹೊಣೆ 1923ರಷ್ಟು ಹಿಂದಿನಿಂದಲೂ ಮಾಲೀಕರ ಮೇಲಿದೆ. ಲೆಕ್ಕ ನೋಡಿ: 30 ವರ್ಷದ ಕೆಲಸಗಾರ, ತಿಂಗಳ ಸಂಬಳ 15,000 ಅಂತ ಹಿಡಿಯೋಣ. ಅದರ ಅರ್ಧ 7,500. ಆ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಗುಣಕ 207.98. ಗುಣಿಸಿದರೆ 15,59,850 ರೂಪಾಯಿ. ಇಎಸ್‌ಐ ಇದ್ದರೆ ಈ ಭಾರ ಇಎಸ್‌ಐ ಹೊರುತ್ತದೆ. ಇಲ್ಲದಿದ್ದರೆ ವಿಮೆ ಮಾಡಿಸಿ. ಸಣ್ಣ ವರ್ಕ್‌ಶಾಪಿನವರು ಮಷಿನ್‌ಗೆ ವಿಮೆ ಮಾಡಿಸಿ ಮಷಿನ್ ಮುಂದೆ ನಿಂತವರಿಗೆ ಮಾಡಿಸದೇ ಇರುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪಿಎಫ್, ಇಎಸ್‌ಐ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮ ಲೆಕ್ಕಿಗರಿಗೆ ಗೊತ್ತಿರುತ್ತದೆ. ಪಿಎಫ್ ಎರಡೂ ಕಡೆಯಿಂದ ಶೇ. 12. ಇಎಸ್‌ಐ ಮಾಲೀಕರದ್ದು ಶೇ. 3.25, ಕೆಲಸಗಾರರದ್ದು ಶೇ. 0.75, ಸಂಬಳ 21,000ದವರೆಗೆ ಇರುವವರಿಗೆ. ಎರಡಕ್ಕೂ ಮುಂದಿನ ತಿಂಗಳ 15 ಕೊನೇ ದಿನ. ಒಂದೇ ಎಚ್ಚರಿಕೆ: ಅವರ ಪಾಲನ್ನು ಸಂಬಳದಲ್ಲಿ ಹಿಡಿದು ಕಟ್ಟದೇ ಇರುವುದು ಅಪರಾಧ. ಅದು ನಿಮ್ಮ ದುಡ್ಡಲ್ಲ.

ಹೆಣ್ಣುಮಕ್ಕಳ ಸುರಕ್ಷತೆಯ ವಿಷಯಕ್ಕೆ ಹೆಚ್ಚು ಹೊತ್ತು ಬೇಕು. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯ್ದೆ ಬಂತು. 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಆಂತರಿಕ ಸಮಿತಿ ಬೇಕು. ಎಣಿಸುವಾಗ ಗಂಡಸರು, ಹೆಂಗಸರು, ಟ್ರೈನಿ, ಗುತ್ತಿಗೆಯವರು ಎಲ್ಲರೂ ಸೇರುತ್ತಾರೆ. ಸಮಿತಿಗೆ ಹಿರಿಯ ಮಹಿಳಾ ಉದ್ಯೋಗಿಯೇ ಮುಖ್ಯಸ್ಥೆ, ಅರ್ಧಕ್ಕಾದರೂ ಹೆಂಗಸರು, ಹೊರಗಿನವರು ಒಬ್ಬರು. 10ಕ್ಕಿಂತ ಕಡಿಮೆ ಜನ ಇರುವ ಕಡೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಹೋಂಸ್ಟೇಯಲ್ಲಿ ಅಡುಗೆ ಮಾಡುವ ಅಕ್ಕನಿಗೂ ಈ ದಾರಿ ಇದೆ, ಅತಿಥಿ ಕೈ ಮುಟ್ಟಿದರೂ ಇದೆ. ಹೋಂಸ್ಟೇ ನಡೆಸುವವರು ಇದನ್ನು ಮನಸ್ಸಿಗೆ ತಗೊಳ್ಳಬೇಕು. ಗಿರಾಕಿ ಅಂತ ಸುಮ್ಮನಾಗುವ ಹಾಗಿಲ್ಲ.

ನಮ್ಮ ಕಡೆ ನಡೆಯುವುದು ಹೇಗೆ? ಹುಡುಗಿ ಬಂದು ಅಳುತ್ತಾ ಹೇಳುತ್ತಾಳೆ. ಮಾಲೀಕರಿಗೆ ಗಾಬರಿಯಾಗುತ್ತದೆ. ಊರಿನ ನಾಲ್ಕು ಹಿರಿಯರನ್ನು ಕರೆದು ಪಂಚಾಯ್ತಿ ಮಾಡಿ, ಕಿರುಕುಳ ಕೊಟ್ಟವನ ಹತ್ತಿರ ಕ್ಷಮೆ ಕೇಳಿಸಿ, "ಹೊರಗೆ ಗೊತ್ತಾದ್ರೆ ನಿಂಗೇ ಕಷ್ಟ ಕಣಮ್ಮಾ" ಅಂತ ಅವಳಿಗೇ ಬುದ್ಧಿ ಹೇಳಿ, ಇನ್ನೊಂದು ಬ್ರ್ಯಾಂಚಿಗೆ ಅವಳನ್ನೇ ಕಳಿಸುತ್ತಾರೆ. ಒಳ್ಳೆಯ ಮನಸ್ಸಿನವರೇ ಹೀಗೆ ಮಾಡುತ್ತಾರೆ. ಇದರಲ್ಲಿ ಪ್ರತಿಯೊಂದು ಹೆಜ್ಜೆಯೂ ತಪ್ಪು. ರಾಜಿ ಬೇಕು ಅಂತ ಅವಳು ಕೇಳಿದರೆ ಮಾತ್ರ ರಾಜಿಯ ಪ್ರಯತ್ನ, ಅದರಲ್ಲೂ ದುಡ್ಡಿನ ವ್ಯವಹಾರ ಇರಬಾರದು. ಜಾಗ ಬದಲಾವಣೆ ಅವಳು ಬರೆದು ಕೇಳಿದರೆ ಮಾತ್ರ, ಆಗಲೂ ಅವಳನ್ನೇ ಕಳಿಸಬೇಕು ಅಂತಿಲ್ಲ, ಅವನನ್ನು ಕಳಿಸಬಹುದು. ಅವಳಿಗೆ ಮೂರು ತಿಂಗಳವರೆಗೆ ರಜೆಯನ್ನೂ ಕೊಡಬಹುದು. ಬರೆಯಲು ಬರದಿದ್ದರೆ ಬರೆದುಕೊಡುವುದು ಸಮಿತಿಯ ಕೆಲಸ. ಘಟನೆಯಾದ ಮೂರು ತಿಂಗಳೊಳಗೆ ದೂರು, 90 ದಿನದೊಳಗೆ ವಿಚಾರಣೆ, ಆಮೇಲೆ 10 ದಿನದೊಳಗೆ ವರದಿ, 60 ದಿನದೊಳಗೆ ನಿಮ್ಮಿಂದ ಕ್ರಮ. ಸಮಿತಿಯನ್ನೇ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಅವಳ ಹೆಸರು ಎಲ್ಲೂ ಹೊರಗೆ ಬರಬಾರದು. ಶಿವಮೊಗ್ಗದಂಥ ಊರಿನಲ್ಲಿ ಇದೇ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಮುಖ್ಯ ಕೂಡ.

ಸಭೆಗೆ ಬರುವಾಗ ಏಳು ಜನ ಕೆಲಸಕ್ಕಿರುವ ಒಂದು ಅಂಗಡಿಗೆ ಬರೆದ ನಿಯಮದ ಹಾಳೆಯನ್ನು ತಂದಿದ್ದೆ. ಓದಿ ಹೇಳಿದೆ. ಕೇಳಿದವರು ಪ್ರತಿ ಬೇಕು ಅಂದಿದ್ದಕ್ಕೆ ಇಲ್ಲೂ ಕೊಡುತ್ತಿದ್ದೇನೆ.

"ನಮ್ಮ ಅಂಗಡಿಯಲ್ಲಿ ದಿನಕ್ಕೆ 8 ಗಂಟೆ ಕೆಲಸ, ಮಧ್ಯೆ 1 ಗಂಟೆ ಊಟದ ಬಿಡುವು. ಮಂಗಳವಾರ ರಜೆ. ಜಾತ್ರೆ, ಹಬ್ಬದ ದಿನಗಳಲ್ಲಿ ಹೆಚ್ಚು ಹೊತ್ತು ಇರಬೇಕಾದರೆ ಹಿಂದಿನ ದಿನವೇ ಹೇಳುತ್ತೇವೆ, ಆ ಹೊತ್ತಿಗೆ ಎರಡು ಪಟ್ಟು ಸಂಬಳ. ಸಂಬಳ ಪ್ರತಿ ತಿಂಗಳ 5ನೇ ತಾರೀಕು ಬ್ಯಾಂಕ್ ಖಾತೆಗೆ ಬರುತ್ತದೆ, ಜೊತೆಗೆ ಚೀಟಿ ಕೊಡುತ್ತೇವೆ. ಚೀಟಿಯಲ್ಲಿ ಏನು ಹಿಡಿದಿದ್ದೇವೆ, ಯಾಕೆ ಹಿಡಿದಿದ್ದೇವೆ ಅಂತ ಬರೆದಿರುತ್ತದೆ. ಹುಷಾರಿಲ್ಲದಾಗ ಫೋನ್ ಮಾಡಿದರೆ ಸಾಕು, ಬಂದ ಮೇಲೆ ರಜೆ ಚೀಟಿ ಬರೆದರಾಯಿತು. ಮುಂಗಡವನ್ನು ಬರೆದುಕೊಡುತ್ತೇವೆ, ಪ್ರತಿ ತಿಂಗಳು ಒಪ್ಪಿದಷ್ಟೇ ಹಿಡಿಯುತ್ತೇವೆ. ಗಿರಾಕಿಯಾಗಲಿ, ಜೊತೆಯವರಾಗಲಿ, ಮಾಲೀಕರಾಗಲಿ ಕೆಟ್ಟದಾಗಿ ನಡೆದುಕೊಂಡರೆ ದೂರು ಕೊಡಬಹುದು. ಸ್ಥಳೀಯ ಸಮಿತಿಯ ವಿಳಾಸ ಗೋಡೆಯ ಮೇಲಿದೆ. ದೂರು ಕೊಟ್ಟಿದ್ದಕ್ಕೆ ಯಾರ ಕೆಲಸವೂ ಹೋಗುವುದಿಲ್ಲ."

ಇಷ್ಟೇ. ಕೆಳಗೆ ಮಾಲೀಕರ ಸಹಿ, ಏಳು ಜನರ ಸಹಿ. ಇದನ್ನು ವಕೀಲರ ಭಾಷೆಯಲ್ಲಿ ಬರೆಸಬೇಡಿ. ಓದಿದವರಿಗೆ ಅರ್ಥವಾಗದ ನಿಯಮ ಗೋಡೆಯ ಮೇಲಿದ್ದೂ ಇಲ್ಲದ ಹಾಗೆ. ದೂರಿನ ಸಾಲಿನಲ್ಲಿ ಮಾಲೀಕರನ್ನೂ ಸೇರಿಸಿರುವುದನ್ನು ಗಮನಿಸಿ. ಅದನ್ನು ಸೇರಿಸಲು ಆ ಮಾಲೀಕರೇ ಹೇಳಿದ್ದು.

ಕೊನೆಗೆ ಒಬ್ಬ ಹಿರಿಯ ವ್ಯಾಪಾರಿ ಕೇಳಿದರು: "ನಮ್ಮಲ್ಲಿ ಒಬ್ಬರು 18 ವರ್ಷದಿಂದ ಇದ್ದಾರೆ. ಈಗ ಮಗನ ಹತ್ರ ಬೆಂಗಳೂರಿಗೆ ಹೋಗ್ತಾರಂತೆ. ಮೊದಲು 12 ಜನ ಇದ್ದರು, ಈಗ 8. ಗ್ರಾಚ್ಯುಟಿ ಕೊಡಬೇಕಾ?" ಕೊಡಬೇಕು. ಒಮ್ಮೆ 10 ಜನ ದಾಟಿ ಕಾನೂನಿನ ವ್ಯಾಪ್ತಿಗೆ ಬಂದ ಮೇಲೆ ಸಂಖ್ಯೆ ಇಳಿದರೂ ಹೊಣೆ ಇಳಿಯುವುದಿಲ್ಲ. ಐದು ವರ್ಷ ಸೇವೆ ಆದವರಿಗೆ ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನ ಅಂತ ಹಿಡಿದು. ಅವಧಿ ಒಪ್ಪಂದದ ಮೇಲೆ ಸೇರಿದವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಸಿಗುತ್ತದೆ. ಇವರ ಕೊನೆಯ ಸಂಬಳ 15,000 ಅಂದರು. 15,000ವನ್ನು 26ರಿಂದ ಭಾಗಿಸಿ, 15ರಿಂದ, ಆಮೇಲೆ 18ರಿಂದ ಗುಣಿಸಿದರೆ 1,55,769 ರೂಪಾಯಿ. 30 ದಿನದೊಳಗೆ ಕೊಡಬೇಕು.

ಅವರು ತಲೆಯಾಡಿಸಿದರು. ಆಮೇಲೆ, "ಸೇರಿದ ದಿನಾಂಕ ಎಲ್ಲೂ ಬರೆದಿಟ್ಟಿಲ್ಲ ಸಾರ್, 18 ಅನ್ನೋದು ಅಂದಾಜು" ಅಂದರು. ಅದಕ್ಕೆ ನಾನು ಹೇಳಿದ್ದು: ಅವರನ್ನೇ ಕರೆದು ಕೂರಿಸಿಕೊಂಡು ಕೇಳಿ. ಯಾವ ವರ್ಷ, ಯಾವ ಹಬ್ಬದ ಆಚೆ ಈಚೆ ಅಂತ ಅವರಿಗೆ ನೆನಪಿರುತ್ತದೆ. ಹಳೇ ಸಂಬಳದ ಪುಸ್ತಕ, ಅವರ ಬ್ಯಾಂಕ್ ಪಾಸ್‌ಬುಕ್ಕು ತೆಗೆದು ನೋಡಿ. ಅನುಮಾನ ಇದ್ದರೆ ಜಾಸ್ತಿ ವರ್ಷವನ್ನೇ ಹಿಡಿಯಿರಿ. ಒಪ್ಪಿದ ದಿನಾಂಕ ಹಾಕಿ, ಇಷ್ಟು ವರ್ಷ ನಮ್ಮಲ್ಲಿ ದುಡಿದರು ಅಂತ ಸೇವಾ ಪತ್ರ ಬರೆದು ಸಹಿ ಮಾಡಿ ಕೊಡಿ. ಉಳಿದ ಏಳು ಜನರ ಸೇರಿದ ದಿನಾಂಕವನ್ನೂ ಅದೇ ದಿನ ಬರೆದುಬಿಡಿ.